ಮಾನನಷ್ಟ: ಸ್ಟೇಷನ್ ಅಲೆಯುವುದರಲ್ಲೇ ವರ್ಷ ಕಳೆಯಬೇಡಿ

"ಸಾರ್, ಮೊದಲು ಎಫ್‌ಐಆರ್ ಹಾಕಿಸಿ." ಜಾಲತಾಣದಲ್ಲಿ ಯಾರೋ ಕೆಟ್ಟದಾಗಿ ಬರೆದರು ಅಂತ ವಕೀಲನಾದ ನನ್ನ ಹತ್ತಿರ ಬರುವವರು ಹೆಚ್ಚಾಗಿ ಶುರು ಮಾಡುವುದೇ ಹೀಗೆ.

ಮಾನನಷ್ಟ ಅಪರಾಧ, ನಿಜ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲೂ ಇದೆ. ಆದರೆ ಇದರಲ್ಲಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಕೊಡಬೇಕು. ಸ್ಟೇಷನ್ನಿನಲ್ಲಿ ಎನ್‌ಸಿಆರ್ (ಎಫ್‌ಐಆರ್ ಹಾಕಲಾಗದ ದೂರನ್ನು ಬರೆದುಕೊಳ್ಳುವ ದಾಖಲೆ) ಬರೆದುಕೊಂಡು ವಾಪಸ್ ಕಳಿಸಿದರೆ ಅವರು ಎದುರು ಪಾರ್ಟಿ ಜೊತೆ ಸೇರಿಕೊಂಡಿದ್ದಾರೆ ಅಂತ ಅರ್ಥವಲ್ಲ. ಕಾನೂನೇ ಹಾಗಿದೆ.

ಟ್ಯೂಷನ್ ನಡೆಸುವ ಒಬ್ಬ ಮೇಡಂ ಬಂದಿದ್ದರು. 'ದುಡ್ಡು ತಗೊಂಡು ಪಾಠ ಮಾಡಲ್ಲ' ಅಂತ ಯಾರೋ ಪೋಸ್ಟ್ ಹಾಕಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಆಕೆ ಎನ್‌ಸಿಆರ್ ಪ್ರತಿಗೆ ಲ್ಯಾಮಿನೇಷನ್ ಮಾಡಿಸಿ, ಠಾಣೆಯಿಂದ ಠಾಣೆಗೆ ಅಲೆದಿದ್ದರು. ನನ್ನ ಹತ್ತಿರ ಬರುವಾಗ ಪೋಸ್ಟಿಗೆ ಹದಿನಾಲ್ಕು ತಿಂಗಳಾಗಿತ್ತು. ಆ ಪ್ರತಿ ನೋಡಿ ನನಗೆ ಸಂಕಟವಾಯಿತು.

ಯಾಕೆಂದರೆ ಪರಿಹಾರ ಕೇಳಿ ಸಿವಿಲ್ ದಾವೆ ಹೂಡಲು ಇರುವುದು ಒಂದೇ ವರ್ಷ. ಅದು ಪೋಸ್ಟ್ ಪ್ರಕಟವಾದ ದಿನದಿಂದ ಓಡುತ್ತದೆ. ಠಾಣೆಗೆ ಅರ್ಜಿ ಕೊಟ್ಟರೆ ಅದು ನಿಲ್ಲುವುದಿಲ್ಲ. ಲೀಗಲ್ ನೋಟಿಸ್ ಕಳಿಸಿದರೂ ನಿಲ್ಲುವುದಿಲ್ಲ. "ಪೋಸ್ಟ್ ಇನ್ನೂ ಅಲ್ಲೇ ಇದೆಯಲ್ವಾ ಸಾರ್, ದಿನಾ ಹೊಸದಾಗಿ ಲೆಕ್ಕ ಹಾಕಬಹುದಲ್ಲ?" ಅಂತ ಕೇಳುತ್ತಾರೆ. ಹಾಗಲ್ಲ ಅಂತ ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಬೇರೆ ಕೋರ್ಟು ಬೇರೆ ಥರ ನೋಡಬಹುದೇನೋ, ಆದರೆ ಅದನ್ನು ನಂಬಿ ಕೂರಬೇಡಿ. ಕ್ರಿಮಿನಲ್ ದೂರಿಗೆ ಮೂರು ವರ್ಷ ಸಮಯವಿದೆ. ಮೇಡಂಗೆ ಆ ದಾರಿಯೊಂದು ಉಳಿದಿತ್ತು, ಹಾಕಿದೆವು. ಆದರೆ ಆಕೆಗೆ ಬೇಕಿದ್ದದ್ದು ಯಾರನ್ನೋ ಜೈಲಿಗೆ ಕಳಿಸುವುದಲ್ಲ. ಪೋಸ್ಟ್ ಹೋಗಬೇಕಿತ್ತು, ನಷ್ಟ ತುಂಬಬೇಕಿತ್ತು. ಅವೆರಡನ್ನೂ ಒಟ್ಟಿಗೆ ಕೇಳಬಹುದಾಗಿದ್ದ ಜಾಗ ಸಿವಿಲ್ ಕೋರ್ಟು.

ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ, ತಪ್ಪಿಲ್ಲ. ಆದರೆ ಮಾನನಷ್ಟದ ವಿಷಯದಲ್ಲಿ ಅವರು ಸಾಮಾನ್ಯವಾಗಿ ಕೋರ್ಟ್ ಆದೇಶ ತನ್ನಿ ಅನ್ನುತ್ತಾರೆ. ಅದಕ್ಕೂ ಮೊದಲು ಪೋಸ್ಟಿನ ಪೂರ್ತಿ ಲಿಂಕ್, ಹಾಕಿದವರ ಪ್ರೊಫೈಲ್, ದಿನಾಂಕ ಎಲ್ಲ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರಬೇಡಿ. ಡಿಜಿಟಲ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರಕ್ಕೆ ಅದು ಬೇಕಾಗುತ್ತದೆ.

ಬರೆದದ್ದು ನಿಜವಾಗಿದ್ದರೆ ಮಾತೇ ಬೇರೆ. ಅದನ್ನು ನಿಮ್ಮ ವಕೀಲರಿಗೆ ಮೊದಲ ದಿನವೇ ಹೇಳಿಬಿಡಿ.

ಇನ್ನು ಕೊಲೆ ಬೆದರಿಕೆ ಅಥವಾ ಅಶ್ಲೀಲ ಫೋಟೋ ಇದ್ದರೆ ಅದು ಬರೀ ಮಾನನಷ್ಟವಲ್ಲ. ಆಗ ನನ್ನ ಆಫೀಸಿಗೆ ಬಂದು ಕಾಯಬೇಡಿ, ಅವತ್ತೇ ಸೈಬರ್ ಠಾಣೆಗೆ ಹೋಗಿ.