ಕೌದಿ, ಕ್ಯಾಮೆರಾ ಮತ್ತು ಎಪ್ಪತ್ತರ ಮಿದುಳು

ಅಮೆರಿಕದ ಡಲ್ಲಾಸ್‌ನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು, ಹೊಸದನ್ನು ಕಲಿತರೆ ವಯಸ್ಸಾದವರ ಮಿದುಳು ಚುರುಕಾಗುತ್ತದೆಯೇ ಎಂದು ನೋಡಲು ಹಿರಿಯರಿಗಾಗಿ ಒಂದು ಶಾಲೆ ನಡೆಸಿದರು. ಭಾಗವಹಿಸಿದವರು 221 ಜನ, ವಯಸ್ಸು 60ರಿಂದ 90. ಕೆಲವರಿಗೆ ಡಿಜಿಟಲ್ ಕ್ಯಾಮೆರಾ ಕೊಟ್ಟು ಫೋಟೊ ತೆಗೆಯುವುದನ್ನೂ, ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದುವುದನ್ನೂ ಕಲಿಸಿದರು. ಕೆಲವರಿಗೆ ಕೌದಿ ಹೊಲಿಯುವ ಪಾಠ. ಅದೂ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆ ಹರವಿಕೊಂಡು ಕೈಯಲ್ಲಿ ಹೊಲಿಯುವ ಕೌದಿಯಲ್ಲ, ಕಂಪ್ಯೂಟರ್ ಜೋಡಿಸಿದ ಹೊಲಿಗೆ ಯಂತ್ರದ್ದು. ಇನ್ನೊಂದು ಗುಂಪಿಗೆ ಅರ್ಧ ಅವಧಿ ಕ್ಯಾಮೆರಾ, ಅರ್ಧ ಅವಧಿ ಕೌದಿ. ಮೂರು ತಿಂಗಳ ಕಾಲ ವಾರಕ್ಕೆ ಹದಿನೈದು ಗಂಟೆಗೂ ಹೆಚ್ಚು ಹೊತ್ತು ಅವರು ಕಲಿತರು.

ಪಾರ್ಕ್ ಅವರ ಜಾಣತನ ಇರುವುದು ಕಲಿಯದ ಗುಂಪುಗಳಲ್ಲಿ. ಒಂದು ಗುಂಪಿನವರು ವಾರಕ್ಕೆ ಅಷ್ಟೇ ಗಂಟೆ ಒಟ್ಟಿಗೆ ಸೇರಿದರು. ಪ್ರವಾಸ ಹೋದರು, ಅಡುಗೆ ಮಾಡಿದರು, ಆಟ ಆಡಿದರು, ಹಳೆಯ ನೆನಪುಗಳನ್ನು ಹಂಚಿಕೊಂಡರು. ಹೊಸ ವಿದ್ಯೆಯನ್ನು ಮಾತ್ರ ಕಲಿಯಲಿಲ್ಲ. ಇನ್ನೊಂದು ಗುಂಪು ಮನೆಯಲ್ಲೇ ಕೂತು ಶಾಸ್ತ್ರೀಯ ಸಂಗೀತ ಕೇಳಿತು, ಪದಬಂಧ ಬಿಡಿಸಿತು. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಹಿರಿಯರ ತರಗತಿಗಳ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು ‘ನಾಲ್ಕು ಜನರ ಜೊತೆ ಬೆರೆತರೆ ಸಾಕು, ಮನಸ್ಸು ಚುರುಕಾಗುತ್ತದೆ’ ಎಂಬ ಮಾತು. ಬೆರೆಯುವುದನ್ನೂ ಕಲಿಯುವುದನ್ನೂ ಬೇರೆ ಬೇರೆ ಮಾಡಿ ತೂಗದಿದ್ದರೆ ಆ ಮಾತು ನಿಜವೋ ಸುಳ್ಳೋ ಹೇಳುವುದು ಹೇಗೆ?

ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಹೊಸದನ್ನು ಕಲಿತವರ ನೆನಪಿನ ಶಕ್ತಿ, ಅದರಲ್ಲೂ ಆಗಷ್ಟೇ ನಡೆದ, ಕೇಳಿದ ಸಂಗತಿಗಳನ್ನು ನೆನೆಯುವ ಶಕ್ತಿ, ಉಳಿದವರಿಗಿಂತ ಸುಧಾರಿಸಿತ್ತು. ಕ್ಯಾಮೆರಾ ಹಿಡಿದವರಲ್ಲಿ ಅದು ಚೆನ್ನಾಗಿ ಎದ್ದು ಕಂಡಿತು, ಬರೀ ಕೌದಿ ಹೊಲಿದವರಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ಹರಟೆ, ಪ್ರವಾಸದ ಗುಂಪಿನವರು ಖುಷಿಯಾಗಿ ಕಾಲ ಕಳೆದಿದ್ದರೂ ನೆನಪಿನ ಪರೀಕ್ಷೆಯಲ್ಲಿ ಕಲಿತವರನ್ನು ಸರಿಗಟ್ಟಲಿಲ್ಲ.

ಕ್ಯಾಮೆರಾದಲ್ಲಿ ಅಂಥದ್ದೇನಿದೆ? ಎಪ್ಪತ್ತೆರಡರ ಒಬ್ಬ ಅಜ್ಜ ಮೊದಲ ಬಾರಿ ಅದನ್ನು ಹಿಡಿದಿದ್ದಾರೆ ಎನ್ನಿ. ಮರದ ನೆರಳಲ್ಲಿ ಕೂತ ಮೊಮ್ಮಗಳ ಚಿತ್ರ ತೆಗೆಯಬೇಕು. ಲೆನ್ಸಿನ ಕಿಂಡಿ ಹಿಗ್ಗಿಸಿದರೆ ಬೆಳಕು ಹೆಚ್ಚು ಬರುತ್ತದೆ, ಆದರೆ ಹಿಂದಿನ ಮರ ಮಸುಕಾಗುತ್ತದೆ. ಮರವೂ ಬೇಕೆಂದು ಕಿಂಡಿ ಕಿರಿದು ಮಾಡಿದರೆ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು, ಆಗ ಮಗು ಅಲುಗಾಡಿ ಚಿತ್ರ ಕೆಡುತ್ತದೆ. ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯನ್ನು ಏರಿಸಿದರೆ ಚಿತ್ರದ ತುಂಬ ಕಾಳು ಕಾಳು. ಒಂದನ್ನು ತಿರುಗಿಸಿದರೆ ಇನ್ನೆರಡು ಬದಲಾಗುತ್ತವೆ. ಮೂರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು, ಮೊನ್ನೆ ತರಗತಿಯಲ್ಲಿ ಹೇಳಿದ್ದನ್ನು ನೆನೆದು, ಮಗು ಎದ್ದು ಓಡುವ ಮೊದಲು ಒಂದು ತೀರ್ಮಾನಕ್ಕೆ ಬರಬೇಕು. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುವ ಪಾಠ ಬೇರೆ. ಮನೆಯಲ್ಲಿ ಹಾಡು ಕೇಳುತ್ತ ಕೂತವರಿಗೆ ಈ ಪೇಚಾಟ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಯೋಗದ ತಿರುಳು ಈ ಪೇಚಾಟ.

ವಯಸ್ಸಾದಂತೆ ಮಿದುಳಿನ ಎಲ್ಲ ಸಾಮರ್ಥ್ಯಗಳೂ ಒಂದೇ ಸಮನೆ ಇಳಿಯುವುದಿಲ್ಲ. ಮಾಹಿತಿಯನ್ನು ಸಂಸ್ಕರಿಸುವ ವೇಗ ಇಪ್ಪತ್ತರ ಹರೆಯದಿಂದಲೇ ಮೆಲ್ಲಗೆ ತಗ್ಗುತ್ತದೆ. ಏಳೆಂಟು ಅಂಕೆಗಳನ್ನು ಮನಸ್ಸಿನಲ್ಲಿ ಹಿಡಿದು ತಿರುವಿ ಹಾಕುವ ಶಕ್ತಿ ನಡುವಯಸ್ಸಿನ ನಂತರ ಕುಗ್ಗುತ್ತದೆ. ಆದರೆ ಶಬ್ದಸಂಪತ್ತು ಬೆಳೆಯುತ್ತಲೇ ಹೋಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಅದು ತುತ್ತತುದಿ ಮುಟ್ಟುವುದು ಅರವತ್ತರ ಕೊನೆಯ ವರ್ಷಗಳಲ್ಲಿ! ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಈ ಎರಡನ್ನೂ ಬಹಳ ಹಿಂದೆಯೇ ಬೇರೆ ಮಾಡಿ ತೋರಿಸಿದ್ದ. ಹೊಸ ಸಮಸ್ಯೆ ಎದುರಾದಾಗ ಹೊಳೆಯುವ ಬುದ್ಧಿ ಒಂದು, ಬದುಕಿನಲ್ಲಿ ಕೂಡಿಟ್ಟ ತಿಳಿವಳಿಕೆ ಇನ್ನೊಂದು. ನಿವೃತ್ತಿಯ ನಂತರ ನಾವು ಬದುಕುವುದು ಹೆಚ್ಚಾಗಿ ಎರಡನೆಯದರ ಮೇಲೆ. ಅದೇ ಪೇಪರು, ಅದೇ ವಾಕಿಂಗ್ ದಾರಿ, ಅದೇ ಧಾರಾವಾಹಿ. ಮೊದಲನೆಯದಕ್ಕೆ ಕೆಲಸವೇ ಸಿಗುವುದಿಲ್ಲ.

ಕೆಲಸ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಜರ್ಮನಿಯ ಒಂದು ಪ್ರಯೋಗವಿದೆ. ಮೂರು ಚೆಂಡುಗಳನ್ನು ಒಂದರ ಹಿಂದೊಂದು ಗಾಳಿಗೆಸೆದು ಹಿಡಿಯುವ ಆಟವನ್ನು ಅರವತ್ತರ ಆಸುಪಾಸಿನವರಿಗೆ ಮೂರು ತಿಂಗಳು ಕಲಿಸಿ, ಮುಂಚೆ ಮತ್ತು ಆಮೇಲೆ ಎಂಆರ್‌ಐ ಮಾಡಿದರು. ಹುಡುಗರಷ್ಟು ಬೇಗ ಕಲಿಯಲಿಲ್ಲ, ನಿಜ. ಆದರೂ ಚಲನೆಯನ್ನು ಗುರುತಿಸುವ ಭಾಗದಲ್ಲಿ, ನೆನಪುಗಳನ್ನು ಹೆಣೆಯುವ ಹಿಪೊಕ್ಯಾಂಪಸ್‌ನಲ್ಲಿ ಬೂದುದ್ರವ್ಯ (ನರಕೋಶಗಳು ದಟ್ಟವಾಗಿರುವ ಮಿದುಳಿನ ಭಾಗ) ಹೆಚ್ಚಿತ್ತು. ಆಟ ಬಿಟ್ಟು ಮೂರು ತಿಂಗಳಾದಾಗ ಮತ್ತೆ ನೋಡಿದರೆ ಆ ಹೆಚ್ಚಳ ಇಳಿದುಹೋಗಿತ್ತು. 2008ರ ಈ ಅಧ್ಯಯನ ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಟ್ಟಿಗೆ ಹೇಳುತ್ತದೆ. ಹತ್ತು ದಿನದ ಶಿಬಿರ, ಸಮಾರೋಪ, ಪ್ರಮಾಣಪತ್ರ, ಒಂದು ಗ್ರೂಪ್ ಫೋಟೊ ಎಂಬ ನಮ್ಮ ಮಾದರಿಗೆ ಅದು ಅಷ್ಟೇನೂ ಅನುಕೂಲಕರವಲ್ಲ.

ಇನ್ನು ಎಲ್ಲರಿಗೂ ಇರುವ ಭಯ ಮರೆವಿನ ಕಾಯಿಲೆಯದು. ಅಮೆರಿಕದ ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ತಂಡ 1988ರಲ್ಲಿ ವೃದ್ಧಾಶ್ರಮವೊಂದರ 137 ಜನರ ಮಿದುಳನ್ನು ಮರಣಾನಂತರ ಪರೀಕ್ಷಿಸಿದಾಗ ಹತ್ತು ಮಂದಿಯದು ಒಗಟಾಯಿತು. ಮಿದುಳಿನ ತುಂಬ ಆಲ್ಝೈಮರ್‌ನ ಗುರುತುಗಳಿದ್ದವು. ಆದರೆ ಅವರು ಬದುಕಿದ್ದಷ್ಟು ದಿನವೂ ಚುರುಕಾಗಿಯೇ ಇದ್ದರು. ಅವರ ಮಿದುಳು ಹೆಚ್ಚು ತೂಕದ್ದಾಗಿತ್ತು, ದೊಡ್ಡ ನರಕೋಶಗಳೂ ಹೆಚ್ಚಿದ್ದವು. ಮುಖ್ಯ ರಸ್ತೆ ಬಂದಾದರೂ ಒಳದಾರಿಗಳನ್ನೆಲ್ಲ ಬಲ್ಲ ಆಟೋ ಚಾಲಕ ಹೇಗಾದರೂ ಮನೆ ಮುಟ್ಟಿಸುವಂತೆ, ಇಂಥ ಮಿದುಳು ಹಾನಿಯಾದ ಜಾಗವನ್ನು ಸುತ್ತಿಹೋಗುತ್ತದೆ ಎಂಬ ವಿವರಣೆ ಆಮೇಲೆ ಬೆಳೆಯಿತು. ಓದು, ಕಸುಬು, ಭಾಷೆ ಎಲ್ಲವೂ ಆ ಒಳದಾರಿಗಳನ್ನು ಕಟ್ಟುತ್ತವಂತೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸ ಕಂಡದ್ದರಿಂದ ಇದು ಕೇವಲ ಶಾಲಾ ಶಿಕ್ಷಣದ ಫಲ ಎಂದು ತಳ್ಳಿಹಾಕುವಂತಿಲ್ಲ. ಗಡಿ ಜಿಲ್ಲೆಗಳಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಮೂರು ಭಾಷೆಗಳ ನಡುವೆ ಓಡಾಡಿಕೊಂಡಿರುವ ನಮ್ಮ ಜನರಿಗೆ ಇದು ಸಮಾಧಾನದ ಸುದ್ದಿ.

ಆದರೆ ಅರವತ್ತೈದಕ್ಕೆ ಒಂದು ಭಾಷಾ ತರಗತಿ ಸೇರಿದರೆ ನಾಲ್ಕೂವರೆ ವರ್ಷ ಸಿಕ್ಕಿತು ಎಂದುಕೊಳ್ಳಬಾರದು. ಅಲ್ಲಾಡಿಯವರ ರೋಗಿಗಳು ಬದುಕಿಡೀ ಆ ಭಾಷೆಗಳನ್ನು ಆಡಿದವರು. ಡಲ್ಲಾಸಿನ ಪ್ರಯೋಗವೂ ಮೂರು ತಿಂಗಳದ್ದು. ಅದರಲ್ಲಿ ನೆನಪು ಸುಧಾರಿಸಿತು ಎನ್ನಬಹುದು, ಕಾಯಿಲೆ ತಪ್ಪಿತು ಎನ್ನಲಾಗದು. ಮೊಬೈಲಿನಲ್ಲಿ ‘ಮಿದುಳಿನ ಆಟ’ ಮಾರುವ ಕಂಪನಿಗಳು ಈ ಗೆರೆಯನ್ನು ಸಲೀಸಾಗಿ ದಾಟುತ್ತವೆ. 65 ದಾಟಿದ ಸುಮಾರು 2,800 ಜನರ ಮೇಲೆ ಅಮೆರಿಕದಲ್ಲಿ ನಡೆದ ಆ್ಯಕ್ಟಿವ್ ಎಂಬ ಪ್ರಯೋಗದಲ್ಲಿ ತರ್ಕದ ತರಬೇತಿ ಪಡೆದವರು ತರ್ಕದಲ್ಲಿ, ವೇಗದ ತರಬೇತಿ ಪಡೆದವರು ವೇಗದಲ್ಲಿ ಮುಂದಾದರು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ದಿನಾ ಸುಡೊಕು ಬಿಡಿಸುವವರು ಸುಡೊಕುವಿನಲ್ಲಿ ಪಳಗುತ್ತಾರೆ. ಕನ್ನಡಕ ಎಲ್ಲಿಟ್ಟೆ ಎನ್ನುವುದಕ್ಕೆ ಅದರಿಂದ ಉತ್ತರ ಸಿಗಲಾರದು.

ನಮ್ಮಲ್ಲಿ ಹಿರಿಯರ ತರಗತಿಗಳು ಕಡಿಮೆಯೇನಿಲ್ಲ. ಯೋಗ, ಭಜನೆ, ಗೀತಾ ಪಠಣ, ದೇವರನಾಮ. ನಲವತ್ತು ವರ್ಷದಿಂದ ಹಾಡುತ್ತಿರುವ ಭಜನೆಯನ್ನು ಮತ್ತೆ ಹಾಡುವುದರಿಂದ ಸಿಗುವ ನೆಮ್ಮದಿ ದೊಡ್ಡದು. ಅದನ್ನು ಯಾರೂ ಕಸಿಯಬೇಕಿಲ್ಲ. ಮಿದುಳಿಗೆ ಮಾತ್ರ ಅದು ಹಳೆಯ ಪಾಠ. ಅದೇ ಸಭಾಂಗಣದಲ್ಲಿ ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕದ ತರಗತಿ ಇಟ್ಟರೆ ಲೆಕ್ಕವೇ ಬದಲಾಗುತ್ತದೆ. ಕುಮಾರವ್ಯಾಸನ ಒಂದು ಭಾಮಿನಿ ಷಟ್ಪದಿ ಎದುರಿಗಿದೆ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ನಡಿಗೆ ಕಿವಿಯಲ್ಲಿ ಕೂರಬೇಕು. ಅಂಟಿಕೊಂಡಿರುವ ಪದಗಳನ್ನು ಅರ್ಥ ಕೆಡದಂತೆ ಬಿಡಿಸಬೇಕು. ಸಾಲು ಮುಗಿದಲ್ಲಿ ವಾಕ್ಯ ಮುಗಿಯುವುದಿಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ತಾಳದ ಆಸರೆ ಇಲ್ಲ. ದ್ರೌಪದಿಯ ಮೊರೆಗೆ ಯಾವ ರಾಗ, ಭೀಮನ ಕೋಪಕ್ಕೆ ಯಾವುದು ಎಂದು ಆರಿಸಬೇಕು. ಪಕ್ಕದಲ್ಲಿ ವ್ಯಾಖ್ಯಾನ ಮಾಡುವವರು ನಿಲ್ಲಿಸಿ ಅರ್ಥ ಹೇಳಿದ ಮೇಲೆ ಬಿಟ್ಟ ಕಡೆಯಿಂದ ಎತ್ತಿಕೊಳ್ಳಬೇಕು. ಕ್ಯಾಮೆರಾದ ಪೇಚಾಟಕ್ಕೆ ಇದೇನು ಕಡಿಮೆ? ಹಿರಿಯರಿಗೆ ಇಲ್ಲೊಂದು ಅನುಕೂಲವೂ ಇದೆ. ಕಥೆ ಗೊತ್ತು, ಪದಗಳು ಗೊತ್ತು. ಕೂಡಿಟ್ಟ ತಿಳಿವಳಿಕೆಯ ಮೇಲೆ ಕಾಲೂರಿ ಹೊಸದಕ್ಕೆ ಕೈಚಾಚಬಹುದು. ಗಮಕದ ಮೇಲೆ ಇಂಥ ಪ್ರಯೋಗವನ್ನು ನಮ್ಮ ವಿಜ್ಞಾನಿಗಳು ಯಾರಾದರೂ ಮಾಡಬೇಕೆಂಬುದು ನನ್ನ ಆಸೆ.

ಸ್ಮಾರ್ಟ್‌ಫೋನ್ ಪಾಠವೂ ಇದೇ ಜಾತಿಯದು. ಪಾರ್ಕ್ ಅವರ ತಂಡವೇ ಮುಂದೆ ಹಿರಿಯರಿಗೆ ಐಪ್ಯಾಡ್ ಕಲಿಸಿ ನೋಡಿದಾಗ ನೆನಪು ಮತ್ತು ಸಂಸ್ಕರಣೆಯ ವೇಗ ಎರಡರಲ್ಲೂ ಲಾಭ ಕಂಡಿತು. ನಮ್ಮ ಮನೆಗಳಲ್ಲಿ ಈ ಲಾಭವನ್ನು ತಪ್ಪಿಸುವವರು ಮಕ್ಕಳೇ. ಅಮ್ಮ ತರಕಾರಿ ಅಂಗಡಿಯವನಿಗೆ ಹಣ ಕಳಿಸಲು ತಡವರಿಸುತ್ತಿದ್ದರೆ “ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ” ಎಂದು ಫೋನ್ ಕಿತ್ತುಕೊಳ್ಳುತ್ತೇವೆ. ಎರಡು ಸೆಕೆಂಡಿನಲ್ಲಿ ಕೆಲಸ ಆಗುತ್ತದೆ, ಅಮ್ಮ ಏನೂ ಕಲಿಯುವುದಿಲ್ಲ. ಸ್ಕ್ಯಾನ್ ಮಾಡುವುದು, ಹೆಸರು ಓದಿ ಖಾತ್ರಿ ಮಾಡಿಕೊಳ್ಳುವುದು, ಮೊತ್ತ ಹಾಕುವುದು, ಕೊನೆಗೆ ಪಿನ್ ಒತ್ತುವುದು, ಇಷ್ಟನ್ನೂ ಅವರ ಬೆರಳೇ ಮಾಡಬೇಕು. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು ಎಂಬುದನ್ನು ಒಮ್ಮೆ ತಾವೇ ಮಾಡಿ ಅರ್ಥಮಾಡಿಕೊಂಡವರು ವಂಚಕರ ಬಲೆಗೆ ಸುಲಭವಾಗಿ ಬೀಳುವುದಿಲ್ಲ.

ಕಲಿಸುವವರ ಮಾತಿನ ಧಾಟಿಯೂ ಮುಖ್ಯ. 2001ರ ಒಂದು ಪ್ರಯೋಗದಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದಷ್ಟು ಸಾಮಾನ್ಯ ಜ್ಞಾನದ ಹೇಳಿಕೆಗಳನ್ನು ಕೊಟ್ಟು, ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಸಿದರು. ಆಮೇಲೆ ಅದನ್ನೇ ಕೇಳಿದರು. ಇದು ನೆನಪಿನ ಶಕ್ತಿಯ ಪರೀಕ್ಷೆ ಎಂದು ಒತ್ತಿ ಹೇಳಿದಾಗ ಕಿರಿಯರು ಮುಂದಿದ್ದರು. ನೆನಪಿನ ಮಾತೆತ್ತದೆ, ವಿಷಯ ತಿಳಿದುಕೊಳ್ಳುವುದೆಂಬಂತೆ ನಡೆಸಿದಾಗ ಇಬ್ಬರ ನಡುವೆ ಅಂತರವೇ ಕಾಣಲಿಲ್ಲ. ‘ಈ ವಯಸ್ಸಿನಲ್ಲಿ ಮರೆವು ಸಹಜ, ಚಿಂತೆ ಮಾಡಬೇಡಿ’ ಎಂದು ಪಾಠ ಶುರು ಮಾಡುವ ಕರುಣಾಮಯಿ ಶಿಕ್ಷಕರು ಇದನ್ನು ಗಮನಿಸಬೇಕು.

ಕೋಣೆಯ ಸಂಗತಿಯೂ ಇದೆ. ಅರವತ್ತರ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರದ್ದರ ಮೂರನೇ ಒಂದು ಭಾಗದಷ್ಟೇ. ದೇವಸ್ಥಾನದ ಹಿಂದಿನ ಕತ್ತಲೆ ಹಾಲಿನಲ್ಲಿ ಒಂದು ಟ್ಯೂಬ್‌ಲೈಟ್ ಹಾಕಿ ಪಾಠ ಮಾಡಿದರೆ ಆಗದು. ಕಿವಿಯದು ಇನ್ನೂ ಸೂಕ್ಷ್ಮ. ಗದ್ದಲದ ನಡುವೆ ಅಂಕೆಗಳನ್ನು ಕೇಳಿಸಿದರೆ, ಅವು ಕೇಳಿಸಿದ್ದರೂ ಆಮೇಲೆ ನೆನಪಿನಲ್ಲಿ ನಿಲ್ಲುವುದು ಕಡಿಮೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪ್ಯಾಟ್ ರ‍್ಯಾಬಿಟ್ 1968ರಲ್ಲೇ ತೋರಿಸಿದ್ದ. ಪದವನ್ನು ಗುರುತಿಸುವುದರಲ್ಲೇ ಶಕ್ತಿ ವ್ಯಯವಾಗಿ, ಕೂಡಿಡಲು ಉಳಿಯುವುದಿಲ್ಲ. ‘ಅಪ್ಪನಿಗೆ ಮರೆವು ಶುರುವಾಗಿದೆ’ ಎನ್ನುವ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಸರಿಯಾಗಿ ಕೇಳಿಸಿರುವುದೇ ಇಲ್ಲ. ಗರಗರ ಎನ್ನುವ ಸೀಲಿಂಗ್ ಫ್ಯಾನ್ ಬದಲಿಸುವುದು, ಮೈಕು ಹಿಡಿಯುವುದು, ಬೇಕಾದವರಿಗೆ ಶ್ರವಣ ಸಾಧನ ಕೊಡಿಸುವುದು, ಇವೂ ಪಾಠದ ಭಾಗವೇ. ಡಿಮೆನ್ಷಿಯಾದ ತಪ್ಪಿಸಬಹುದಾದ ಕಾರಣಗಳಲ್ಲಿ ಕಿವುಡುತನವನ್ನೂ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ತಜ್ಞರ ಆಯೋಗ ಸೇರಿಸಿದೆ.

ಇದನ್ನೆಲ್ಲ ನಡೆಸುವವರು ಯಾರು? ಫ್ರಾನ್ಸಿನ ಟುಲೂಸ್‌ನಲ್ಲಿ 1973ರಲ್ಲಿ ಪ್ರೊಫೆಸರ್ ಪಿಯರ್ ವೆಲ್ಲಾ ನಿವೃತ್ತರಿಗೆಂದೇ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ ತೆರೆದರು. ಅಲ್ಲಿ ಪ್ರಾಧ್ಯಾಪಕರು ಹಿರಿಯರಿಗೆ ಉಪನ್ಯಾಸ ಕೊಡುತ್ತಿದ್ದರು. ಅದು ಬ್ರಿಟನ್ನಿಗೆ ಬಂದಾಗ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಗೆಳೆಯರು 1980ರ ದಶಕದ ಆರಂಭದಲ್ಲಿ ಅದನ್ನು ತಲೆಕೆಳಗು ಮಾಡಿದರು. ಹೊರಗಿನ ಮೇಷ್ಟ್ರು ಬೇಡ, ಪದವಿ ಬೇಡ, ಪರೀಕ್ಷೆ ಬೇಡ. ಸದಸ್ಯರಲ್ಲೇ ಬಲ್ಲವರು ಉಳಿದವರಿಗೆ ಕಲಿಸಬೇಕು. ಇದರಲ್ಲಿ ಹಣ ಉಳಿಯಿತು ಎಂಬುದಕ್ಕಿಂತ ದೊಡ್ಡ ಲಾಭ ಬೇರೆ. ಕಲಿಸಲು ಹೊರಟವರು ತಮಗೆ ಗೊತ್ತಿದ್ದುದನ್ನು ನೆನಪಿನಿಂದ ಎಳೆದು ತೆಗೆಯಬೇಕು, ಬೇರೆಯವರಿಗೆ ತಿಳಿಯುವಂತೆ ಜೋಡಿಸಬೇಕು. ಪುಸ್ತಕವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಮುಚ್ಚಿಟ್ಟು ನೆನೆಯುವುದೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ ಎಂಬುದು ಮನಶ್ಶಾಸ್ತ್ರದಲ್ಲಿ ಪದೇ ಪದೇ ಸಾಬೀತಾದ ಸಂಗತಿ. ನಿವೃತ್ತ ಲೈನ್‌ಮನ್ ಮನೆಯ ವೈರಿಂಗ್ ಹೇಳಿಕೊಡಲಿ, ನಿವೃತ್ತ ಗಣಿತ ಮೇಷ್ಟ್ರು ಅವರ ಮುಂದೆ ವಿದ್ಯಾರ್ಥಿಯಾಗಿ ಕೂರಲಿ.

ಉಳಿಯುವ ತೊಡಕು ಗಂಟೆಗಳದ್ದು. ಡಲ್ಲಾಸಿನಲ್ಲಿ ವಾರಕ್ಕೆ ಹದಿನೈದು ಗಂಟೆ ಕಲಿತರು. ನಮ್ಮ ಭಾನುವಾರದ ತರಗತಿ ಒಂದು ಗಂಟೆಯದು, ಅದರಲ್ಲೂ ಕಾಫಿಗೆ ಕಾಲು ಗಂಟೆ. ನಿವೃತ್ತ ಗಂಡಸರಿಗೆ ಸಮಯವಿದೆ ಎನ್ನೋಣ. ಬೆಳಿಗ್ಗೆ ಮೊಮ್ಮಗನಿಗೆ ಡಬ್ಬಿ ಕಟ್ಟಿ, ಶಾಲೆ ವ್ಯಾನ್ ಹತ್ತಿಸಿ, ಮಧ್ಯಾಹ್ನ ಮೂರಕ್ಕೆ ಮತ್ತೆ ಗೇಟಿನಲ್ಲಿ ಕಾಯುವ ಅಜ್ಜಿಗೆ ಎಲ್ಲಿದೆ? ಅವರಿಗೆ ಸಿಗುವುದು ಹನ್ನೊಂದರಿಂದ ಎರಡೂವರೆಯವರೆಗಿನ ಹೊತ್ತು, ಅದರಲ್ಲೇ ಊಟವೂ ಆಗಬೇಕು. ಸಂಜೆ ಆರಕ್ಕೆ ತರಗತಿ ಇಟ್ಟು ಹೆಂಗಸರು ಬರುವುದಿಲ್ಲ ಎಂದು ದೂರುವ ಸಂಘಗಳು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು ನೋಡಬಹುದು. ಉಳಿದ ಗಂಟೆಗಳನ್ನು ಮನೆಪಾಠ ತುಂಬಬೇಕು: ನಾಳೆ ಬರುವಾಗ ಎರಡು ಷಟ್ಪದಿ ಪದ ಬಿಡಿಸಿ ತರುವುದು, ಮೂರು ಫೋಟೊ ತೆಗೆದು ತರುವುದು. ಮತ್ತು ಮನೆಯವರಿಗೂ ಒಂದು ಪಾಠವಿದೆ. ವಾರದಲ್ಲಿ ಮೂರು ದಿನವಾದರೂ ವ್ಯಾನಿನ ಬಳಿ ಬೇರೆ ಯಾರಾದರೂ ನಿಲ್ಲಬೇಕು.