ಚಕ್ರ ನಡುಗಿದರೆ ಮೊದಲು ತಕ್ಕಡಿ ತನ್ನಿ

ಹೋದ ಬೇಸಿಗೆಯಲ್ಲಿ ಕೊಪ್ಪಳದ ಕಡೆಯಿಂದ ಗೆಳೆಯರೊಬ್ಬರು ಫೋನ್ ಮಾಡಿದರು. ಕಿಟ್ ತರಿಸಿ, ಐದು ವರ್ಷ ಶೆಡ್ಡಿನಲ್ಲಿ ಕೂತು, ತಾವೇ ಕಟ್ಟಿದ ಎರಡು ಸೀಟಿನ ವಿಮಾನ ಅವರದು.

"ಇಳಿದು ಓಡೋವಾಗ ಮುಂದಿನ ಗಾಲಿ ಡಗಡಗ ಅಂತೈತ್ರೀ. ಮೀಟರ್ ಮ್ಯಾಲಿನ ಅಕ್ಷರ ಓದಾಕ ಬರಂಗಿಲ್ಲ. ನಡುಕ ನುಂಗೋ ಡ್ಯಾಂಪರ್ ಹಾಕಿಸಬೇಕೇನ್ರೀ?"

"ಗಾಲಿ ಎಡಕ್ಕ ಬಲಕ್ಕ ತಿರುಗಿಸಾಕ ಎಷ್ಟು ಕೆಜಿ ಬೇಕಾಗತೈತಿ, ತೂಗಿ ನೋಡೀರೇನು?" ಅಂದೆ.

ತೂಗುವುದೇ? ಅವರಿಗೆ ನಾನು ತಮಾಷೆ ಮಾಡಿದ ಹಾಗೆ ಕೇಳಿಸಿತು.

ಆಸ್ಪತ್ರೆಯ ಸ್ಟ್ರೆಚರ್ ಜೋರಾಗಿ ತಳ್ಳಿದಾಗ ಒಂದು ಗಾಲಿ ಮಾತ್ರ ಪಟಪಟ ಎಡಕ್ಕೂ ಬಲಕ್ಕೂ ಬಡಿದುಕೊಳ್ಳುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ವಿಮಾನದವರು ಶಿಮ್ಮಿ ಅನ್ನುವುದು ಇದಕ್ಕೇ. ನೂರು ವರ್ಷದ ಹಿಂದೆ ಭುಜ ಕುಣಿಸುವ ಒಂದು ಡ್ಯಾನ್ಸಿಗೆ ಆ ಹೆಸರಿತ್ತು. ಗಾಲಿ ತಿರುಗುವ ಗೂಟ ಮುಂದಿರುತ್ತದೆ, ಗಾಲಿ ಅದರ ಹಿಂದೆ ಎಳೆದುಕೊಂಡು ಬರುತ್ತದೆ. ಗಾಲಿ ಸ್ವಲ್ಪ ಪಕ್ಕಕ್ಕೆ ಸರಿದರೆ ಟಯರ್ ಅದನ್ನು ವಾಪಸ್ ಎಳೆಯುತ್ತದೆ. ಆದರೆ ರಬ್ಬರ್ ಅಲ್ವಾ, ಬಳುಕಿ, ತಡವಾಗಿ ಎಳೆಯುತ್ತದೆ. ಅಷ್ಟರಲ್ಲಿ ಗಾಲಿ ನಡುವನ್ನು ದಾಟಿ ಆಚೆ ಹೋಗಿರುತ್ತದೆ. ಹೀಗೆ ಒಂದೊಂದು ಸಲ ಹೊಯ್ದಾಡಿದಾಗಲೂ ವಿಮಾನದ ಓಟದಿಂದಲೇ ಅದಕ್ಕೆ ಒಂದಿಷ್ಟು ಬಲ ಸಿಗುತ್ತದೆ. ಗೂಟದಲ್ಲಿರುವ ತಿಕ್ಕಾಟ ಆ ಬಲವನ್ನು ತಿಂದು ಹಾಕಬೇಕು. ತಿನ್ನುವುದಕ್ಕಿಂತ ಸಿಗುವುದು ಜಾಸ್ತಿಯಾದರೆ ಸೆಕೆಂಡಿಗೆ ಹತ್ತು ಇಪ್ಪತ್ತು ಸಲ ಕುಣಿತ ಶುರು. ರಷ್ಯಾದ ಗಣಿತಜ್ಞ ಕೆಲ್ದಿಶ್ 1945ರಲ್ಲೇ ಮೂಗಿನ ಚಕ್ರದ, ಅಂದರೆ ಮುಂದಿನ ಗಾಲಿಯ, ಈ ಲೆಕ್ಕ ಬಿಡಿಸಿ ಬರೆದಿದ್ದರು. ನಮಗೆ ಅಷ್ಟು ಗಣಿತ ಬೇಡ. ತಿಕ್ಕಾಟ ಎಷ್ಟಿದೆ ಅಂತ ಗೊತ್ತಾದರೆ ಸಾಕು.

ಮರುವಾರ ಹೋದೆ. ಬಳ್ಳಾರಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ತೂಗುವವರ ಹತ್ತಿರ ಇರುವಂಥ ಕೊಕ್ಕೆಯ ತಕ್ಕಡಿ ಒಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ವಿಮಾನದ ಬಾಲದ ಕೆಳಗಿನ ಉಂಗುರಕ್ಕೆ ಹಗ್ಗ ಬಿಗಿದು, ಅದಕ್ಕೆ ಎರಡು ಅಕ್ಕಿ ಚೀಲ ಕಟ್ಟಿದೆವು. ಮೂಗು ಮೇಲೆದ್ದಿತು. (ಚೀಲವನ್ನು ಬಾಲದ ರೆಕ್ಕೆ ಮೇಲೆ ಹೇರುವವರಿದ್ದಾರೆ. ದಯವಿಟ್ಟು ಬೇಡ, ತಗಡು ತಗ್ಗು ಬೀಳುತ್ತದೆ.) ಗಾಲಿ ನೆಲ ಬಿಟ್ಟ ಮೇಲೆ ಆಕ್ಸಲ್ ತುದಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಮೆಲ್ಲಗೆ ಎಳೆದೆ. ಗಾಲಿ ಆ ಪಕ್ಕಕ್ಕೆ ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಅಂತ ನೋಡಬೇಕು. ನಾಲ್ಕೂವರೆ ಕೆಜಿ. ಇನ್ನೊಂದು ಪಕ್ಕದಿಂದಲೂ ಅಷ್ಟೇ.

ಕಿಟ್ ತರಿಸಿ ಕಟ್ಟುವ ಅಮೆರಿಕದ ಆರ್‌ವಿ ಸರಣಿಯ ಮೂಗುಚಕ್ರದ ವಿಮಾನಗಳಲ್ಲಿ ಹಲವಕ್ಕೆ ಈ ಅಳತೆ 22 ಪೌಂಡ್, ಅಂದರೆ ಸುಮಾರು 10 ಕೆಜಿ. ಇವರ ಕಿಟ್‌ನ ಕೈಪಿಡಿಯಲ್ಲೂ ಹತ್ತರ ಆಸುಪಾಸೇ ಇತ್ತು. ಕಟ್ಟುವಾಗ ಸರಿಯಾಗಿಯೇ ಬಿಗಿ ಮಾಡಿದ್ದರಂತೆ. ಆದರೆ ಇಂಥ ಗಾಲಿಯಲ್ಲಿ ತಿಕ್ಕಾಟ ಕೊಡುವುದು ಬಟ್ಟಲಿನಂತೆ ಬಾಗಿದ ಸ್ಪ್ರಿಂಗ್ ವಾಷರ್‌ಗಳು. ಹೊಸದರಲ್ಲಿ ನಾಲ್ಕೈದು ಗಂಟೆ ಓಡಿದ ಮೇಲೆ ಅವು ಒಂದಕ್ಕೊಂದು ಉಜ್ಜಿ ಕೂತುಕೊಳ್ಳುತ್ತವೆ, ಬಿಗಿ ಇಳಿಯುತ್ತದೆ. ಯಾರ ತಪ್ಪೂ ಅಲ್ಲ, ಮತ್ತೆ ತೂಗಿ ನೋಡಲಿಲ್ಲ, ಅಷ್ಟೇ.

ಬಿಚ್ಚಿದಾಗ ಇನ್ನೊಂದು ಕಂಡಿತು. ಗೂಟ ಕೂರುವ ಬಳೆಯಂಥ ಬುಷ್‌ನ ಗ್ರೀಸ್ ಗ್ರೀಸಾಗಿ ಉಳಿದಿರಲಿಲ್ಲ. ನಮ್ಮ ಕಡೆಯ ಅದಿರಿನ ಧೂಳು ಗೊತ್ತಲ್ಲ, ಅದು ಸೇರಿ ಕೆಂಪು ಉಜ್ಜುಪುಡಿಯ ಹಾಗೆ ಆಗಿತ್ತು. ಬೆರಳಲ್ಲಿ ತಿಕ್ಕಿದರೆ ಗರಗರ. ಬುಷ್ ಸವೆದರೆ ಗೂಟಕ್ಕೆ ಆಟ ಬರುತ್ತದೆ. ಆಟವಿರುವಷ್ಟು ದೂರ ಗಾಲಿಯನ್ನು ಯಾವ ತಿಕ್ಕಾಟವೂ ಹಿಡಿಯುವುದಿಲ್ಲ. ಅದೃಷ್ಟಕ್ಕೆ ಇನ್ನೂ ಸವೆದಿರಲಿಲ್ಲ. ತೊಳೆದು, ಹೊಸ ಗ್ರೀಸ್ ಹಾಕಿ, ನಟ್ ಬಿಗಿ ಮಾಡುತ್ತಾ ಮಾಡುತ್ತಾ ತೂಗಿದೆವು. ನಟ್ ಸಡಿಲವಾಗದಂತೆ ಕಾಟರ್ ಪಿನ್ ತೂರಿಸಲು ತೂತುಗಳು ಎದುರುಬದುರಾಗಬೇಕು. ಎಂಟು ಕೆಜಿಗೆ ಒಂದು ತೂತು ಸರಿ ಬಂತು, ಮುಂದಿನ ತೂತಿಗೆ ಹದಿಮೂರು. ಇಲ್ಲಿ ತುಂಬ ಜನ "ಇರಲಿ ಬಿಡು" ಅಂತಾರೆ. ಇರಬಾರದು. ಒಂದು ತೆಳು ವಾಷರ್ ಹಾಕಿ ಹತ್ತಕ್ಕೆ ತಂದೆವು. ಕಾಟರ್ ಪಿನ್ ಹೊಸದು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಅಭ್ಯಾಸ ಟ್ರ್ಯಾಕ್ಟರ್ ಟ್ರೇಲರ್‌ಗೇ ಇರಲಿ.

ರನ್‌ವೇ ಮೇಲೆ ಓಡಿಸಿ ನೋಡಿದರು. ಮೂಗಿನ ಡಗಡಗ ಹೋಯಿತು. ಆದರೆ ಸಣ್ಣಗೆ ಇನ್ನೊಂದು ನಡುಕ ಉಳಿದಿತ್ತು. ಮೊದಲು ದೊಡ್ಡದರ ಅಡಿಯಲ್ಲಿ ಅಡಗಿಕೊಂಡಿತ್ತು ಅಂತ ಕಾಣುತ್ತೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಟ್, ಟಯರ್, ಗಾಳಿ ಮೂರನ್ನೂ ಒಟ್ಟಿಗೆ ಮುಟ್ಟಿದ್ದರೆ ಯಾವುದು ಯಾವುದರಿಂದ ಅಂತ ಹೇಗೆ ಹೇಳುವುದು?

ವಿಮಾನದ ಹಿಂದಿನ ಕಾಲಿಗೆ (ಗಾಲಿಯನ್ನು ಹಿಡಿದಿರುವ ಕೋಲಿಗೆ) ಫೋನ್ ಕಟ್ಟಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆವು. ನೆಲದ ಮೇಲೆ ಓಡಿಸುವಾಗ ಮಾತ್ರ, ಹಾರುವಾಗ ಅಲ್ಲ. ನೋಡಿದರೆ ಗಾಲಿ ಎಡಬಲ ತಿರುಗುತ್ತಿಲ್ಲ, ಉಕ್ಕಿನ ಕಾಲೇ ಹಿಂದಕ್ಕೂ ಮುಂದಕ್ಕೂ ಬಳುಕುತ್ತಿದೆ! ಇದು ಬೇರೆಯೇ ಕಾಯಿಲೆ. ಟಯರಿನಲ್ಲಿ ಗಾಳಿ ಎಷ್ಟಿದೆ ಅಂತ ಕೇಳಿದೆ. ಪೆಟ್ರೋಲ್ ಬಂಕಿನ ಹುಡುಗ 45 ಪಿಎಸ್‌ಐ ಹಾಕಿದ್ದನಂತೆ. ಅದೂ ಬೆಳಗಿನ ತಂಪಿನಲ್ಲಿ. ಬಿಸಿಲೇರಿದರೆ ಅದು ಇನ್ನೂ ಏರುತ್ತದೆ. 25 ಡಿಗ್ರಿಯಲ್ಲಿ 30 ಹಾಕಿದ ಟಯರ್ ನಮ್ಮ ಏಪ್ರಿಲ್ ಮಧ್ಯಾಹ್ನದ 42 ಡಿಗ್ರಿಯಲ್ಲಿ ಎರಡೂವರೆ ಪಿಎಸ್‌ಐ ಏರಿರುತ್ತದೆ. ಕೈಪಿಡಿಯ ಮಿತಿಯೊಳಗೆ 30ಕ್ಕೆ ಇಳಿಸಿದೆವು. ಮುಕ್ಕಾಲು ಪಾಲು ಅಲ್ಲೇ ನಿಂತಿತು. ಮೆತ್ತಗಿನ ಟಯರ್ ತಾನೇ ಒಂದಿಷ್ಟು ನಡುಕ ನುಂಗಿಕೊಳ್ಳುತ್ತದೆ.

ಉಳಿದ ಕಾಲು ಪಾಲು ಟಯರಿನದು. ಬಹಳಷ್ಟು ವಿಮಾನ ಟಯರ್‌ಗಳ ಮೇಲೆ ಒಂದು ಕೆಂಪು ಚುಕ್ಕೆ ಇರುತ್ತದೆ. ಟಯರಿನ ಹಗುರ ಜಾಗ ಅದು. ಟ್ಯೂಬಿನ ವಾಲ್ವ್ ಅಲ್ಲಿಗೇ ಬರಬೇಕು. ಇವರದು ಸರಿಯಾಗಿ ಎದುರು ದಿಕ್ಕಿನಲ್ಲಿತ್ತು. ಅಂದಹಾಗೆ, ಬ್ಯಾಲೆನ್ಸ್ ತಪ್ಪಿದ ನಡುಕ ವೇಗ ಏರಿದ ಹಾಗೆ ಮೆಲ್ಲಗೆ ಏರುತ್ತದೆ. ಶಿಮ್ಮಿ ಒಂದು ವೇಗದಲ್ಲಿ ದಿಢೀರನೆ ಹಿಡಿದುಕೊಳ್ಳುತ್ತದೆ, ವೇಗ ಇಳಿಸಿದರೂ ಬೇಗ ಬಿಡುವುದಿಲ್ಲ. ಇಷ್ಟು ಗೊತ್ತಿದ್ದರೆ ಅರ್ಧ ಹುಡುಕಾಟ ತಪ್ಪುತ್ತದೆ. ಇಷ್ಟೆಲ್ಲ ಆದಮೇಲೂ ಕಾಲು ಬಳುಕಿದರೆ, ಉಕ್ಕಿನ ಕೋಲಿನಂಥ ಕಾಲಿಗೆ ಉದ್ದಕ್ಕೂ ಮರದ ಪಟ್ಟಿ ಅಂಟಿಸಿ ಫೈಬರ್ ಗ್ಲಾಸ್ ಸುತ್ತುವ ಹಳೆಯ ಉಪಾಯ ಇದೆ. ಆರ್‌ವಿ ಕಟ್ಟುವವರಿಗೆ ಅದು ಚೆನ್ನಾಗಿ ಗೊತ್ತು.

ಬಾಲದಲ್ಲಿ ಗಾಲಿ ಇರುವವರಿಗೆ ಒಂದು ಮಾತು. ವಿಮಾನಕ್ಕೆ ಪೂರ್ತಿ ಭಾರ ಹಾಕಿ, ಪಕ್ಕದಲ್ಲಿ ಕೂತು ಗಾಲಿಯ ಗೂಟ ನೋಡಿ. ಅದು ನೆಟ್ಟಗಿರಬೇಕು, ಇಲ್ಲವೇ ತಲೆ ಚೂರು ಹಿಂದಕ್ಕೆ ವಾಲಿರಬೇಕು. ಪಟ್ಟಿ ಸ್ಪ್ರಿಂಗ್ ಕುಸಿದು ತಲೆ ಮುಂದಕ್ಕೆ ಬಾಗಿದ್ದರೆ ಎಷ್ಟು ಬಿಗಿ ಮಾಡಿದರೂ ನಡುಗುತ್ತದೆ. ಸ್ಪ್ರಿಂಗ್ ಬದಲಾಯಿಸಿ.

ಡ್ಯಾಂಪರ್ ಬೇಡವೇ ಬೇಡ ಅಂತಲ್ಲ. ಇರುವ ವಿಮಾನದಲ್ಲಿ ಅದರ ಎಣ್ಣೆಯೊಳಗೆ ಗಾಳಿ ಸೇರಿದೆಯಾ ನೋಡಿ. ಕೈಯಲ್ಲಿ ಒತ್ತಿದಾಗ ಮೊದಲ ಚೂರು ಸುಮ್ನೆ ಒಳಗೆ ಹೋದರೆ ಸೇರಿದೆ ಅಂತ ಅರ್ಥ. ಆದರೆ ಬುಷ್ ಸವೆದ ಕಾಲಿಗೆ ಹೊಸ ಡ್ಯಾಂಪರ್ ಹಾಕಿದರೆ ಅದೂ ಆರು ತಿಂಗಳಲ್ಲಿ ಸವೆಯುತ್ತದೆ. ಹಾಗೆ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಓಡುವಾಗಲೇ ಮೂಗು ನಡುಗಿದರೆ ಸ್ಟಿಕ್ (ವಿಮಾನ ನಡೆಸುವ ಹಿಡಿಕೆ) ಹಿಂದಕ್ಕೆ ಎಳೆದು ಮೂಗಿನ ಭಾರ ಇಳಿಸಿ. ಜಾಗ ಇದ್ದರೆ ಬ್ರೇಕ್ ತುಳಿಯಬೇಡಿ. ತುಳಿದರೆ ಭಾರವೆಲ್ಲ ಅದೇ ಗಾಲಿ ಮೇಲೆ ಬೀಳುತ್ತದೆ.

ಮಾಡಿದ್ದನ್ನೆಲ್ಲ ಲಾಗ್ ಬುಕ್ಕಿನಲ್ಲಿ ಬರೆಸಿದೆ, ತಕ್ಕಡಿಯ ಅಂಕಿ ಸಮೇತ. ಇಪ್ಪತ್ತೈದು ಗಂಟೆ ಹಾರಿದ ಮೇಲೆ ಅವರೇ ತೂಗಿ ಫೋನ್ ಮಾಡಿದರು. "ಒಂಬತ್ತೂವರಿ ಐತ್ರೀ. ಬಿಗಿ ಮಾಡ್ಲೇನು?" ಈ ಸಲ ಬೇಡ ಅಂದೆ. ಇನ್ನು ಇಪ್ಪತ್ತೈದು ಗಂಟೆಗೆ ಮತ್ತೆ ತೂಗುತ್ತಾರೆ. ನನ್ನ ತಕ್ಕಡಿ ಮಾತ್ರ ಇನ್ನೂ ವಾಪಸ್ ಬಂದಿಲ್ಲ.