ಕವನ್ಸೈಟ್ ಗುರುತಿಸುವಾಗ ಬಣ್ಣಕ್ಕಿಂತ ಮೊದಲು ಜಾಗ ನೋಡಿ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆ ಭೂವಿಜ್ಞಾನ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ.

ನಮ್ಮ ಹೊಲಗಳ ಕೆಳಗಿನ ಕರಿಕಲ್ಲು ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಪುಣೆ ಹತ್ತಿರದ ವಾಘೋಲಿ ಖಣಿಗಳಲ್ಲಿ ಇರುವುದೂ ಬಸಾಲ್ಟೇ. ಜಗತ್ತಿನ ಸಂಗ್ರಾಹಕರು ಆಸೆಪಡುವ ಕವನ್ಸೈಟ್ ಎಂಬ ನೀಲಿ ಖನಿಜಕ್ಕೆ ವಾಘೋಲಿ ಹೆಸರುವಾಸಿ. ನಮ್ಮಲ್ಲೂ ಅದು ಸಿಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಅದನ್ನು ಗುರುತಿಸುವ ಕಣ್ಣು ನಮ್ಮೂರ ಬಾವಿ ತೋಡಿದ ಕಲ್ಲಿನ ರಾಶಿಯಲ್ಲೇ ಪಳಗುತ್ತದೆ.

ಲಾವಾ ಆರುವಾಗ ಒಳಗಿನ ಅನಿಲ ಗುಳ್ಳೆಗಳಾಗಿ ಸಿಕ್ಕಿಹಾಕಿಕೊಂಡಿತು. ಆಮೇಲೆ ಖನಿಜ ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು ಪದರದ ಮೇಲೆ ಪದರ ಕೂರಿಸಿತು. ಗೋಡೆಗೆ ತಾಗಿದ್ದು ಸಾಮಾನ್ಯವಾಗಿ ಮೊದಲು ಬಂದದ್ದು, ಮೇಲೆ ಕೂತದ್ದು ಆಮೇಲೆ ಬಂದದ್ದು. ಕಲ್ಲು ಕೈಗೆ ಬಂದ ಕೂಡಲೇ ಈ ಸರದಿ ಓದಿ.

ನೀಲಿ-ಹಸಿರು ಕಂಡರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ, ಅಲ್ವಾ? ಹೆಚ್ಚಿನ ಸಲ ಅದು ಸೆಲಡೋನೈಟ್ ಎಂಬ ಬೇರೆ ಖನಿಜ. ಪೊಳ್ಳಿನ ಗೋಡೆಗೇ ಅಂಟಿರುತ್ತದೆ. ಹೊಳಪಿಲ್ಲ, ಮಣ್ಣುಮಣ್ಣು, ಉಗುರಿನಲ್ಲಿ ಕೆರೆದರೂ ಪುಡಿ ಬರುತ್ತದೆ. ಕವನ್ಸೈಟ್ ಸಾಮಾನ್ಯವಾಗಿ ಸ್ಟಿಲ್ಬೈಟ್ ಅಥವಾ ಹ್ಯೂಲಂಡೈಟ್ ಎಂಬ ಖನಿಜಗಳ ಹರಳುಗಳ ಮೇಲೆ ಕೂತಿರುತ್ತದೆ. ಹಾಗಾಗಿ ಮೊದಲು ಸ್ಟಿಲ್ಬೈಟ್ ಕಲಿಯಿರಿ. ಬಿಳಿ, ಕೆನೆ ಅಥವಾ ತಿಳಿ ಕೇಸರಿ ಬಣ್ಣ, ಮುತ್ತಿನ ಹೊಳಪು. ಹರಳುಗಳು ಜೋಳದ ಸಿವುಡಿನ ಹಾಗೆ ನಡುವೆ ಬಿಗಿದು ಎರಡೂ ತುದಿಯಲ್ಲಿ ಅರಳಿರುತ್ತವೆ. ಬಿಳಿ ಹರಳು ಕ್ಯಾಲ್ಸೈಟ್ ಇರಬಹುದು ಅನಿಸಿದರೆ ಮುರಿದ ಚೂರಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿ. ಕ್ಯಾಲ್ಸೈಟ್ ಬುರುಗು ಬಿಡುತ್ತದೆ, ಸ್ಟಿಲ್ಬೈಟ್ ಬಿಡುವುದಿಲ್ಲ.

ಇನ್ನು ಕವನ್ಸೈಟ್. ಹತ್ತು ಪಟ್ಟಿನ ಲೆನ್ಸ್ ಹಿಡಿದು ನೋಡಿ. ಸಣ್ಣ ನೀಲಿ ಉಂಡೆ. ಉಂಡೆಯ ತುಂಬ ಚೂಪು ತುದಿಯ ಹರಳುಗಳು, ಎಲ್ಲವೂ ಒಂದೇ ನಡುವಿನಿಂದ ಹೊರಟಂತೆ. ಉಂಡೆ ಒಡೆದಿದ್ದರೆ ಒಳಗೂ ಅದೇ ಕಿರಣಗಳು. ನೀಲಿ ಬರುವುದು ವೆನೇಡಿಯಂ ಎಂಬ ಲೋಹದಿಂದ. ಗಡಸುತನ ಹತ್ತರವರೆಗಿನ ಮೋಸ್ ಅಳತೆಯಲ್ಲಿ 3ರಿಂದ 4 ಅಷ್ಟೇ, ಸುಮ್ನೆ ಚಾಕುವಿನಲ್ಲಿ ಗೀರಿ ನೋಡಬೇಡಿ. ಒಳ್ಳೆಯ ಮಾದರಿ ಕೈಯಾರೆ ಹಾಳಾಗುತ್ತದೆ.

ಪೆಂಟಗೊನೈಟ್ ಅಂತ ಇದಕ್ಕೊಂದು ಜೋಡಿ ಇದೆ. ಎರಡನ್ನೂ ಅಮೆರಿಕದ ಒರೆಗಾನ್‌ನ ಮಾದರಿಗಳಿಂದ 1973ರಲ್ಲಿ ವಿವರಿಸಿದರು. ಒಳಗಿನ ಅಂಶಗಳು ಒಂದೇ, ಪರಮಾಣುಗಳ ಜೋಡಣೆ ಬೇರೆ. ಅದರ ಹರಳುಗಳು ಉದ್ದ, ಬಿಡಿಬಿಡಿ. ಅಡ್ಡಕ್ಕೆ ನೋಡಿದರೆ ಕೆಲವದರಲ್ಲಿ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಇದು ಇನ್ನೂ ಜಾಸ್ತಿ ಅಪರೂಪ.

ಕೊಳ್ಳುವುದಾದರೆ ಉಂಡೆಯ ಬುಡ ನೋಡಿ. ನಿಜವಾಗಿ ಬೆಳೆದ ಉಂಡೆ ಕೆಳಗಿನ ಸ್ಟಿಲ್ಬೈಟ್ ಹರಳುಗಳ ಸಂದಿಗೆ ಸರಿಯಾಗಿ ಹೊಂದಿರುತ್ತದೆ. ಬುಡದ ಸುತ್ತ ಮಿರಿಮಿರಿ ಪಾರದರ್ಶಕ ಅಂಚು ಕಂಡರೆ ಅಂಟು ಹಾಕಿರಬಹುದು, ಬಿಟ್ಟುಬಿಡಿ.